ಅಂಡಮಾನಿನಲ್ಲಿ ಪರಿಚಯವಿಲ್ಲದ ಕಾಡುಹಣ್ಣು, ಹೂಮರಗಳನ್ನು ಗುರುತಿಸುವ ಬಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಅಂಡಮಾನಿಗೆ ಹೋಗಿಬಂದವರು ‘ಇದು ಯಾವ ಮರ?’ ಎಂದು ಕೇಳುತ್ತಾ ಕಳಿಸುವ ಚಿತ್ರಗಳಲ್ಲಿ ಬಹುಪಾಲು ಒಂದೇ ಬಗೆಯವು: ಅಂಗೈಯ ಮೇಲೊಂದು ಹಣ್ಣು, ಹಿಂದೆ ಮಸುಕಾದ ಮರಳು. ಎಲೆ ಕಾಣಿಸುವುದಿಲ್ಲ, ತೊಗಟೆ ಇಲ್ಲ, ಹಣ್ಣು ಕೊಂಬೆಯಿಂದ ಕಿತ್ತದ್ದೋ ನೆಲದಿಂದ ಹೆಕ್ಕಿದ್ದೋ ತಿಳಿಯುವುದಿಲ್ಲ. ಅಂಥ ಚಿತ್ರದಿಂದ ಅನುಭವಿ ಸಸ್ಯಶಾಸ್ತ್ರಜ್ಞರೂ ಖಚಿತವಾದ ಹೆಸರನ್ನು ಹೇಳಲಾರರು. ಮರವನ್ನು ಗುರುತಿಸುವಾಗ ಹಣ್ಣು ಕೊನೆಯ ಸಾಕ್ಷಿಯಾಗಬೇಕು. ನೆಲೆ, ಮರದ ಆಕಾರ, ಎಲೆ ಮತ್ತು ಸೊನೆ ಇವು ಅದಕ್ಕಿಂತ ಮೊದಲು ಬರಬೇಕು. ಈ ಅನುಕ್ರಮ ತಪ್ಪಿದಾಗಲೇ ಗುರುತು ತಪ್ಪುತ್ತದೆ, ಕೆಲವೊಮ್ಮೆ ಪ್ರಾಣಕ್ಕೂ ಸಂಚಕಾರ ಬರುತ್ತದೆ.

ಇನ್ನೊಂದು ಅಡಚಣೆ ಕನ್ನಡ ನಾಡಿನವರಿಗೆ ವಿಶೇಷವಾಗಿ ಎದುರಾಗುತ್ತದೆ. ಅಂಡಮಾನಿನ ಒಳಕಾಡಿನ ಸಸ್ಯಗಳಿಗೆ ಮ್ಯಾನ್ಮಾರ್ ಮತ್ತು ಆಗ್ನೇಯ ಏಷ್ಯಾದ ಕಾಡುಗಳೊಂದಿಗೆ ಹತ್ತಿರದ ನಂಟಿದೆ. ನಿಕೋಬಾರಿನವು ಸುಮಾತ್ರಾ ಕಡೆಗೆ ವಾಲುತ್ತವೆ. ಆದ್ದರಿಂದ ಪಶ್ಚಿಮ ಘಟ್ಟದ ಮರಗಳನ್ನು ಚೆನ್ನಾಗಿ ಬಲ್ಲವರು ಅಲ್ಲಿ ಕುಟುಂಬವನ್ನು ಸರಿಯಾಗಿ ಊಹಿಸಿದರೂ ಪ್ರಭೇದದಲ್ಲಿ ಎಡವುತ್ತಾರೆ. ಕಡಲಂಚಿನ ಮರಗಳ ಮಾತು ಬೇರೆ. ಅವುಗಳ ಬೀಜ ಅಲೆಗಳ ಮೇಲೆ ತೇಲಿ ಸಾಗುವುದರಿಂದ ಸುರಹೊನ್ನೆ, ಹೊಂಗೆ, ಹೂವರಸಿಗಳಂಥ ನಮ್ಮ ಕರಾವಳಿಯ ಪರಿಚಿತರು ಅಲ್ಲಿಯೂ ಸಿಗುತ್ತಾರೆ.

ಹೊರಡುವ ಮುನ್ನ: ಎಲ್ಲಿ ಹೋಗಬಾರದು, ಏನು ಕೀಳಬಾರದು

1956ರ ಮೂಲನಿವಾಸಿಗಳ ರಕ್ಷಣಾ ನಿಯಮಾವಳಿಯ ಪ್ರಕಾರ ಬುಡಕಟ್ಟು ಮೀಸಲು ಪ್ರದೇಶಗಳಿಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಅಂಡಮಾನ್ ಟ್ರಂಕ್ ರಸ್ತೆಯು ಜರಾವಾ ಬುಡಕಟ್ಟಿನವರ ಮೀಸಲಿನ ಮೂಲಕ ಹಾದುಹೋಗುವ ಭಾಗದಲ್ಲಿ ವಾಹನ ನಿಲ್ಲಿಸುವುದು, ಇಳಿಯುವುದು, ಚಿತ್ರ ತೆಗೆಯುವುದು ನಿಷಿದ್ಧ. ರಸ್ತೆ ಬದಿಯ ಮರ ಎಷ್ಟೇ ಅಪರೂಪದ್ದಾದರೂ ಈ ನಿಯಮ ಸಡಿಲವಾಗುವುದಿಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಿ ಮತ್ತು ಅಭಯಾರಣ್ಯಗಳಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ, ಅಲ್ಲಿಂದ ಎಲೆಯನ್ನೂ ಕಾಯಿಯನ್ನೂ ತರುವಂತಿಲ್ಲ. ಅಂಥ ಕಡೆಗಳಲ್ಲಿ ಈ ಮಾರ್ಗದರ್ಶಿಯ ಕೀಳುವ, ಕೊಯ್ಯುವ ಹಂತಗಳನ್ನು ಬಿಟ್ಟು ಕಣ್ಣು ಮತ್ತು ಕ್ಯಾಮೆರಾಗಳನ್ನಷ್ಟೇ ಬಳಸಬೇಕು.

ಮ್ಯಾಂಗ್ರೋವ್ ಕಾಡಿನ ಉಪ್ಪುನೀರಿನ ಕಾಲುವೆಗಳಲ್ಲಿ ಮೊಸಳೆಗಳಿವೆ. ಎಚ್ಚರಿಕೆಯ ಫಲಕವಿರುವ ದಂಡೆಯಲ್ಲಿ ಹೂವಿನ ಚಿತ್ರಕ್ಕಾಗಿ ನೀರಿನಂಚಿಗೆ ಇಳಿಯಬೇಡಿ.

ಸಾಧ್ಯವಾದರೆ ಮೊದಲ ದಿನವನ್ನು ಪೋರ್ಟ್ ಬ್ಲೇರಿನಲ್ಲಿ, ಅಂದರೆ 2024ರಿಂದ ಶ್ರೀ ವಿಜಯಪುರಂ ಎಂಬ ಹೆಸರು ಪಡೆದಿರುವ ಊರಿನಲ್ಲಿ ಕಳೆಯಿರಿ. ಚಾಥಮ್ ಗರಗಸದ ಕಾರ್ಖಾನೆಯ ಅರಣ್ಯ ವಸ್ತುಸಂಗ್ರಹಾಲಯದಲ್ಲಿ ದ್ವೀಪದ ಮರಗಳ ದಿಮ್ಮಿ, ಹಲಗೆಗಳನ್ನು ಹೆಸರಿನೊಂದಿಗೆ ನೋಡಬಹುದು. ಭಾರತೀಯ ಸಸ್ಯ ಸರ್ವೇಕ್ಷಣಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಅದೇ ಊರಿನಲ್ಲಿದೆ. ನಯಾಶಹರ್ ಬಳಿ ಅದರ ಧನಿಖಾರಿ ಸಸ್ಯೋದ್ಯಾನವಿದೆ. ಹೆಸರು ಖಚಿತವಾಗಿರುವ ಮರವನ್ನು ಮೊದಲು ಕಣ್ತುಂಬ ನೋಡಿದವರು ಕಾಡಿನಲ್ಲಿ ಕಡಿಮೆ ತಪ್ಪು ಮಾಡುತ್ತಾರೆ.

ಜೊತೆಗಿರಬೇಕಾದ ಸಾಮಗ್ರಿ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಸೆಂಟಿಮೀಟರ್ ಗುರುತಿರುವ ಚಿಕ್ಕ ಅಳತೆಪಟ್ಟಿ, ಪೆನ್ಸಿಲ್ ಮತ್ತು ಟಿಪ್ಪಣಿ ಪುಸ್ತಕ, ಒಂದು ಜೊತೆ ರಬ್ಬರ್ ಕೈಗವಸು, ಸಣ್ಣ ಚೂರಿ, ಹಳೆಯ ಪತ್ರಿಕೆ, ಕಾಗದದ ಚೀಲ ಮತ್ತು ಎತ್ತರದ ಕೊಂಬೆಗಳನ್ನು ನೋಡಲು ದುರ್ಬೀನು ಬೇಕು. ಪೆನ್ನಿಗಿಂತ ಪೆನ್ಸಿಲ್ ಏಕೆಂದರೆ ಮಳೆಗೆ ಅದು ಕಲೆಸಿಹೋಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಹೂವು ಆ ಸೆಕೆಯಲ್ಲಿ ಬೇಗನೆ ಬೆಂದು ಕಪ್ಪಾಗುವುದರಿಂದ ಕಾಗದದ ಚೀಲವೇ ಲೇಸು. ಚೂರಿ ಈ ಕೆಲಸಕ್ಕೇ ಮೀಸಲಾಗಿರಲಿ. ಅದೇ ಚೂರಿಯಿಂದ ಮಧ್ಯಾಹ್ನ ಸೌತೆಕಾಯಿ ಹೆಚ್ಚುವುದು ಅಪಾಯಕಾರಿ. ಕುಡಿಯುವ ನೀರಿನ ಹೊರತಾಗಿ ಇನ್ನೊಂದು ಬಾಟಲಿ ಶುದ್ಧ ನೀರು ಕಣ್ಣು, ಕೈ ತೊಳೆಯಲೆಂದೇ ಇರಬೇಕು. ಅನೇಕ ದ್ವೀಪಗಳಲ್ಲಿ ಮೊಬೈಲ್ ಸಂಪರ್ಕ ದುರ್ಬಲವಾಗಿರುವುದರಿಂದ ಸ್ಥಳದಲ್ಲೇ ಆ್ಯಪ್ ಉತ್ತರ ಕೊಡುತ್ತದೆಂಬ ನಂಬಿಕೆಯಿಂದ ಹೊರಡಬೇಡಿ.

ಹಂತ 1: ನೆಲೆಯನ್ನು ಬರೆದುಕೊಳ್ಳಿ

ಮರವನ್ನು ಮುಟ್ಟುವ ಮೊದಲು ನೀವು ನಿಂತಿರುವ ಜಾಗ ಯಾವ ಬಗೆಯದೆಂದು ಬರೆಯಿರಿ. ದ್ವೀಪದಲ್ಲಿ ಕೆಲವೇ ನೂರು ಹೆಜ್ಜೆಗಳ ಅಂತರದಲ್ಲಿ ಕಾಡಿನ ಬಗೆ ಬದಲಾಗುತ್ತದೆ: ಉಬ್ಬರದ ನೀರು ನಿಲ್ಲುವ ಕೆಸರಿನಲ್ಲಿ ಮ್ಯಾಂಗ್ರೋವ್, ಮರಳದಂಡೆಯ ಮೇಲೆ ಕಡಲಂಚಿನ ಕಾಡು, ಅದರ ಹಿಂದೆ ಪಡೌಕ ಮತ್ತು ಡೀಡುಗಳಂಥ ಮರಗಳಿರುವ ಅರೆ ಎಲೆಯುದುರುವ ಕಾಡು, ತೇವದ ಇಳಿಜಾರುಗಳಲ್ಲಿ ಗುರ್ಜನ್ ಮರಗಳ ನಿತ್ಯಹಸಿರು ಕಾಡು. ಮರಳದಂಡೆಯ ಮರಗಳ ಹೆಸರಿನ ಪಟ್ಟಿ ಚಿಕ್ಕದು, ಒಳಕಾಡಿನದು ಬಹು ದೊಡ್ಡದು. ನೆಲೆ ಬರೆದ ಕೂಡಲೇ ನಿಮ್ಮ ಹುಡುಕಾಟ ಅರ್ಧಕ್ಕಿಂತ ಹೆಚ್ಚು ಕಿರಿದಾಗುತ್ತದೆ.

ಇಲ್ಲಿ ಎರಡು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಮೊದಲನೆಯದು, ಮರಳಿನ ಮೇಲೆ ಬಿದ್ದ ಕಾಯಿಯನ್ನು ಮೇಲಿನ ಮರದ್ದೆಂದು ತಿಳಿಯುವುದು. ಕಡಲು ಎಲ್ಲೆಲ್ಲಿಂದಲೋ ಕಾಯಿಗಳನ್ನು ಹೊತ್ತು ತರುತ್ತದೆ. ನೀಪಾ ತಾಳೆಯ ಕಾಯಿ, ಮಾವಿನ ಮಿಡಿಯನ್ನು ಹೋಲುವ ಸೆರ್ಬೆರಾ ಎಂಬ ವಿಷಮರದ ನಾರುಗಾಯಿ, ಎಂಟಾಡಾ ಬಳ್ಳಿಯ ಹೃದಯಾಕಾರದ ದೊಡ್ಡ ಬೀಜ ಇವೆಲ್ಲ ತಿಂಗಳುಗಟ್ಟಲೆ ತೇಲಬಲ್ಲವು. ಅಲೆ ತಂದಿಟ್ಟ ಕಸದ ಸಾಲಿನಲ್ಲಿ ಸಿಕ್ಕಿದ ಕಾಯಿಯನ್ನು ‘ತೇಲಿಬಂದದ್ದು’ ಎಂದೇ ದಾಖಲಿಸಿ. ಕೊಂಬೆಯ ಮೇಲೂ ಅದೇ ಕಾಯಿಯನ್ನು ಕಂಡ ಮೇಲಷ್ಟೇ ಅದನ್ನು ಆ ಮರಕ್ಕೆ ಜೋಡಿಸಬಹುದು.

ಎರಡನೆಯದು 2004ರ ಡಿಸೆಂಬರ್ 26ರ ಭೂಕಂಪ ಮತ್ತು ಸುನಾಮಿಗೆ ಸಂಬಂಧಿಸಿದ್ದು. ಆಗ ಉತ್ತರ ಅಂಡಮಾನಿನ ನೆಲ ಮೇಲೆದ್ದಿತು, ದಕ್ಷಿಣ ಅಂಡಮಾನಿನದು ಸುಮಾರು ಒಂದು ಮೀಟರಿನಷ್ಟು ಕುಸಿಯಿತು. ಹೀಗಾಗಿ ಸಿಪ್ಪಿಘಾಟ್‌ನಂಥ ಕಡೆ ಹಿಂದಿನ ಗದ್ದೆಗಳಲ್ಲಿ ಉಪ್ಪುನೀರಿನ ಗಿಡಗಳು ನಿಂತಿವೆ. ಉತ್ತರದ ಕೆಲವೆಡೆ ಮ್ಯಾಂಗ್ರೋವ್ ಒಣಗಿ ಬೇರೆ ಗಿಡಗಳು ಬಂದಿವೆ. ಮರ ಇಂದು ನಿಂತಿರುವ ಜಾಗ ಅದರ ಹಳೆಯ ನೆಲೆಯಾಗಿರಲಿಕ್ಕಿಲ್ಲ ಎಂಬುದು ನೆನಪಿರಲಿ.

ನೆಟ್ಟ ಮರವೋ ಕಾಡಿನದೋ ಎಂಬುದನ್ನೂ ಇಲ್ಲೇ ತೀರ್ಮಾನಿಸಿ. ರಸ್ತೆ ಬದಿಯ ಗುಲ್‌ಮೊಹರ್ ಮತ್ತು ಮಳೆಮರಗಳನ್ನು ದ್ವೀಪದ ಕಾಡುಮರಗಳೆಂದು ದಾಖಲಿಸಿದವರು ಬಹಳ ಮಂದಿ.

ಹಂತ 2: ಇಡೀ ಮರವನ್ನು ದೂರದಿಂದ ನೋಡಿ

ಹತ್ತು ಹದಿನೈದು ಮೀಟರ್ ಹಿಂದೆ ಸರಿದು ಒಟ್ಟು ಆಕಾರದ ಚಿತ್ರ ತೆಗೆಯಿರಿ. ಕೊಂಬೆಗಳು ಅಂತಸ್ತು ಅಂತಸ್ತಾಗಿ ಅಡ್ಡಲಾಗಿ ಚಾಚಿವೆಯೆ, ಬುಡದಲ್ಲಿ ಹಲಗೆಯಂಥ ಬೇರುಗಳಿವೆಯೆ, ಕಾಂಡದ ಮೇಲೆಯೇ ಹೂವು ಅಥವಾ ಕಾಯಿ ಬಿಟ್ಟಿದೆಯೆ, ತೊಗಟೆ ಸಿಪ್ಪೆಯೇಳುತ್ತದೆಯೆ ಎಂದು ಗಮನಿಸಿ. ಜನವರಿಯಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಲ್ಲಿ ಮರ ಎಲೆಯುದುರಿಸಿದ್ದರೆ ಅದನ್ನೂ ಬರೆಯಿರಿ, ಏಕೆಂದರೆ ಗುರ್ಜನ್ ಕಾಡಿನ ಹಸಿರಿನ ನಡುವೆ ಬೋಳಾಗಿ ನಿಲ್ಲುವ ಮರಗಳು ಕೆಲವೇ.

ಕಾಡಿನಲ್ಲಿ ಒಂದು ಮರದ ಮೇಲೆ ಇನ್ನೊಂದರ ಬಳ್ಳಿ ಹಬ್ಬಿರುತ್ತದೆ. ನೆತ್ತಿಯಲ್ಲಿ ಕಾಣುವ ಹೂವು ಬಳ್ಳಿಯದಾಗಿದ್ದು, ನೀವು ಬುಡದ ಬಳಿ ತೆಗೆಯುವ ಎಲೆಯ ಚಿತ್ರ ಮರದ್ದಾಗಿದ್ದರೆ, ಇಲ್ಲದ ಮರವೊಂದು ನಿಮ್ಮ ಟಿಪ್ಪಣಿಯಲ್ಲಿ ಹುಟ್ಟಿಕೊಳ್ಳುತ್ತದೆ. ದುರ್ಬೀನಿನಿಂದ ಕೊಂಬೆಯ ಜಾಡು ಹಿಡಿದು ಬುಡದವರೆಗೆ ಇಳಿದು ಬನ್ನಿ.

ಹಂತ 3: ಎಲೆಯನ್ನು ಕ್ರಮವಾಗಿ ಓದಿ

ಇಡೀ ಕೆಲಸದ ಹೃದಯಭಾಗ ಇದು. ಹೂವು ವರ್ಷದಲ್ಲಿ ಕೆಲವೇ ವಾರ ಇರುತ್ತದೆ, ಹಣ್ಣು ಸಿಕ್ಕರೆ ಅದೃಷ್ಟ. ಎಲೆ ಮಾತ್ರ ಹೆಚ್ಚುಕಡಿಮೆ ಯಾವಾಗಲೂ ಇರುತ್ತದೆ. ಆದರೂ ಹೆಚ್ಚಿನವರು ಎಲೆಯ ಆಕಾರವನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ಆಕಾರ ಒಂದೇ ಮರದಲ್ಲಿ ಎಳೆ ಚಿಗುರಿಗೂ ಬಲಿತ ಕೊಂಬೆಗೂ ಬದಲಾಗುತ್ತದೆ. ಬುಡದಿಂದೆದ್ದ ಚಿಗುರನ್ನು ಬಿಟ್ಟು, ಬಲಿತ ಕೊಂಬೆಯ ತುದಿಯನ್ನು ಹಿಡಿದು ಈ ಅನುಕ್ರಮದಲ್ಲಿ ನೋಡಬೇಕು.

ಮೊದಲು ಜೋಡಣೆ. ಒಂದು ಗೆಣ್ಣಿನಲ್ಲಿ ಎರಡು ಎಲೆಗಳು ಎದುರುಬದುರಾಗಿವೆಯೆ, ಅಥವಾ ಒಂದಾದ ಮೇಲೊಂದು ಬೇರೆ ಬೇರೆ ಬದಿಯಲ್ಲಿವೆಯೆ? ಎದುರುಬದುರು ಎಲೆಯ ಮರಗಳ ಗುಂಪು ಚಿಕ್ಕದು: ನೇರಳೆ ಬಳಗ, ಮುರುಗಲು ಮತ್ತು ಉಪ್ಪಾಗೆಗಳ ಬಳಗ, ಸುರಹೊನ್ನೆ, ಕಾಫಿ ಕುಟುಂಬ, ಮ್ಯಾಂಗ್ರೋವಿನ ರೈಜೋಫೊರಾ ಕುಟುಂಬ, ಹೊಳೆದಾಸವಾಳದ ನಂಟನಾದ ಅಂಡಮಾನಿನ ಪೈನ್ಮಾ ಇವು ಅದರಲ್ಲಿ ಮುಖ್ಯ. ಈ ಒಂದೇ ಪ್ರಶ್ನೆಯಿಂದ ಬಹಳಷ್ಟು ಹೆಸರುಗಳು ಪಟ್ಟಿಯಿಂದ ಹೊರಗೆ ಬೀಳುತ್ತವೆ.

ಅನಂತರ ಎಲೆ ಒಂಟಿಯೋ ಸಂಯುಕ್ತವೋ ಎಂಬುದು. ಎಲೆಯ ತೊಟ್ಟು ಕೊಂಬೆಗೆ ಸೇರುವ ಕಂಕುಳಲ್ಲಿ ಮೊಗ್ಗು ಇರುತ್ತದೆ. ಕಿರುಎಲೆಯ ಬುಡದಲ್ಲಿ ಅದು ಇರುವುದಿಲ್ಲ. ಮೊಗ್ಗನ್ನು ಹುಡುಕದೆ ಹೊಂಗೆ, ಅಮಟೆ, ಪಡೌಕಗಳ ಕಿರುಎಲೆಗಳನ್ನು ಒಂಟಿ ಎಲೆಗಳೆಂದು ಎಣಿಸುವುದು ಸಾಮಾನ್ಯ ತಪ್ಪು.

ಮೂರನೆಯದು ಕಾವಿನೆಲೆ, ಅಂದರೆ ತೊಟ್ಟಿನ ಬುಡದಲ್ಲಿರುವ ಚಿಕ್ಕ ಎಲೆಯಂಥ ಭಾಗ ಅಥವಾ ಅದು ಉದುರಿದ ಗುರುತು. ಆಲ, ಅತ್ತಿಗಳ ಬಳಗದಲ್ಲಿ ಅದು ಕೊಂಬೆಯ ಸುತ್ತ ಉಂಗುರದಂಥ ಗೆರೆ ಬಿಡುತ್ತದೆ. ಕಾಫಿ ಕುಟುಂಬದಲ್ಲಿ ಎದುರುಬದುರು ತೊಟ್ಟುಗಳ ನಡುವೆ ಪುಟ್ಟ ತ್ರಿಕೋನವಾಗಿ ಕುಳಿತಿರುತ್ತದೆ. ಕಡಲಂಚಿನ ನೋನಿ ಗಿಡವನ್ನು ಕಾಯಿ ಇಲ್ಲದಿದ್ದರೂ ಗುರುತಿಸಲು ಈ ತ್ರಿಕೋನ ನೆರವಾಗುತ್ತದೆ.

ನಾಲ್ಕನೆಯದಾಗಿ ಎಲೆಯನ್ನು ಬೆಳಕಿಗೆ ಹಿಡಿಯಿರಿ. ನೇರಳೆ ಬಳಗದಲ್ಲಿ ಸೂಜಿಮೊನೆಯಷ್ಟು ಚಿಕ್ಕ ಪಾರದರ್ಶಕ ಚುಕ್ಕೆಗಳೂ ಅಂಚಿಗೆ ಸಮೀಪದಲ್ಲಿ ಅಂಚಿನಗುಂಟ ಓಡುವ ನರವೂ ಕಾಣುತ್ತವೆ. ಸುರಹೊನ್ನೆಯಲ್ಲಿ ಪಕ್ಕದ ನರಗಳು ಬಾಚಣಿಗೆಯ ಹಲ್ಲುಗಳಂತೆ ಒತ್ತೊತ್ತಾಗಿ, ಒಂದಕ್ಕೊಂದು ಸಮಾನಾಂತರವಾಗಿರುತ್ತವೆ. ಬುಡದಿಂದಲೇ ಮೂರು ಅಥವಾ ಐದು ದಪ್ಪ ನರಗಳು ಬಿಲ್ಲಿನ ಹಾಗೆ ಬಾಗಿ ತುದಿಯತ್ತ ಸಾಗಿದ್ದು, ಎಲೆಗಳು ಎದುರುಬದುರಾಗಿದ್ದರೆ ನಮ್ಮ ಕಾಸರಕದ ಬಳಗವನ್ನು ಶಂಕಿಸಬೇಕು. ಅದರ ಕಿತ್ತಳೆ ಬಣ್ಣದ ದುಂಡುಹಣ್ಣಿನೊಳಗೆ ಸ್ಟ್ರಿಕ್ನಿನ್ ಎಂಬ ಘೋರ ವಿಷವಿರಬಹುದು.

ಕೊನೆಗೆ ಎಲೆಯ ಬೆನ್ನು. ಮ್ಯಾಂಗ್ರೋವಿನ ಹಿಂಬದಿಯಲ್ಲಿ ಬೆಳೆಯುವ ಹೆರಿಟಿಯೆರಾ ಲಿಟ್ಟೊರಾಲಿಸ್ ಮರದ ಎಲೆ ಮೇಲೆ ಕಡು ಹಸಿರಾಗಿದ್ದು, ಕೆಳಗೆ ಬೆಳ್ಳಿಯಂತೆ ಹೊಳೆಯುತ್ತದೆ. ಹೂವರಸಿ ಮತ್ತು ಕಡಲ ದಾಸವಾಳ ಎರಡಕ್ಕೂ ಹೃದಯಾಕಾರದ ಎಲೆ, ನಡುವೆ ಕಡುಗೆಂಪಿರುವ ಹಳದಿ ಹೂವು. ಆದರೆ ಎಲೆಯನ್ನು ತಿರುವಿದರೆ ಹೂವರಸಿಯದು ನುಣುಪು ಹಸಿರು, ದಾಸವಾಳದ್ದು ಬೂದುಬಿಳಿಯ ನವಿರು ರೋಮ.

ಹಂತ 4: ಸೊನೆಯ ಬಣ್ಣವನ್ನು ಎಚ್ಚರಿಕೆಯಿಂದ ನೋಡಿ

ಕೈಗವಸು ತೊಟ್ಟು, ಮುಖವನ್ನು ದೂರವಿಟ್ಟು, ಒಂದು ಎಲೆಯ ತೊಟ್ಟನ್ನು ಮುರಿದು ಅರ್ಧ ನಿಮಿಷ ಕಾಯಿರಿ. ಮೊದಲ ಕ್ಷಣದಲ್ಲಿ ತಿಳಿಯಾಗಿ ಕಂಡದ್ದು ಗಾಳಿಗೆ ಬಣ್ಣ ಬದಲಿಸಬಹುದು. ಹಳದಿ ಸೊನೆ ಮುರುಗಲಿನ ಬಳಗವನ್ನು ಸೂಚಿಸುತ್ತದೆ. ಅಂಡಮಾನಿನಲ್ಲಿ ಇದರ ಹಲವು ಕಾಡು ಪ್ರಭೇದಗಳಿವೆ. ಎಲೆಗಳು ಒಂದಾದ ಮೇಲೊಂದು ಬಂದಿದ್ದು, ತೊಗಟೆಯಲ್ಲಿ ಕೆಂಪು ರಸ ಕಂಡರೆ ರಾಮಪತ್ರೆಯ ನಂಟಿನ ಕಾಡುಜಾಯಿಕಾಯಿ ಇರಬಹುದು. ತಿಳಿಯಾದ ಸೊನೆ ನಿಧಾನವಾಗಿ ಕಪ್ಪಾದರೆ ಗೇರು ಕುಟುಂಬವೆಂದು ತಿಳಿದು ಅಲ್ಲಿಂದ ಹಿಂದೆ ಸರಿಯಿರಿ. ಕಾಡಿನಲ್ಲಿ ಸೆಮಿಕಾರ್ಪಸ್ ಕುರ್ಜಿ ಎಂಬ ಮರವಿದೆ. ನಮ್ಮ ಕರಿಗೇರು, ಹೊಲಗೇರುಗಳ ಸೊನೆ ತಾಗಿ ಚರ್ಮ ಉರಿದು ಬೊಬ್ಬೆಯೇಳುವುದನ್ನು ಮಲೆನಾಡಿನವರು ಬಲ್ಲರು, ಇದೂ ಅದೇ ಕುಟುಂಬದ್ದು. ಅಂಥ ಮರದ ಕೆಳಗೆ ಮಳೆಯಲ್ಲಿ ನಿಲ್ಲುವುದೂ ಬೇಡ.

ಬಿಳಿ ಹಾಲಿನ ಬಗ್ಗೆ ಎರಡು ವಿರುದ್ಧ ತಪ್ಪುನಂಬಿಕೆಗಳಿವೆ. ಹಾಲು ಬಂದರೆ ವಿಷ ಎನ್ನುವವರು ಹಲಸು, ಅತ್ತಿ, ಚಿಕ್ಕುಗಳನ್ನು ಮರೆಯುತ್ತಾರೆ. ಹ್ಯಾವ್ಲಾಕಿನ (ಈಗಿನ ಸ್ವರಾಜ್ ದ್ವೀಪದ) ರಾಧಾನಗರ ಕಡಲತೀರದ ಎತ್ತರದ ‘ಸೀ ಮಹುವಾ’ ಮರಗಳೂ ಚಿಕ್ಕುವಿನ ಜಾತಿಯವೇ, ಅಂದರೆ ಹತ್ತಿರದ ಪ್ರಭೇದಗಳ ಅದೇ ಗುಂಪಿನವೇ. ಹಾಲು ಇಲ್ಲದಿದ್ದರೆ ನಿರಪಾಯ ಎನ್ನುವವರ ತಪ್ಪು ಇನ್ನೂ ದೊಡ್ಡದು. ಮುಂದೆ ವಿವರಿಸುವ ಬ್ಯಾರಿಂಗ್ಟೋನಿಯಾದಲ್ಲಿ ಹಾಲಿಲ್ಲ, ಆದರೂ ಅದರ ಬೀಜ ವಿಷ.

ಮ್ಯಾಂಗ್ರೋವ್ ಕಾಡಿನಲ್ಲಿ ಮಾತ್ರ ಈ ಪರೀಕ್ಷೆಯನ್ನು ಮಾಡಲೇಬೇಡಿ. ಅಲ್ಲಿ ಎಕ್ಸೊಕೇರಿಯಾ ಅಗಲೋಚಾ ಎಂಬ ಮರವಿದೆ. ಅದರ ಬಿಳಿ ಹಾಲು ಕಣ್ಣಿಗೆ ಸಿಡಿದರೆ ತೀವ್ರ ಉರಿಯೂ ತಾತ್ಕಾಲಿಕ ಕುರುಡುತನವೂ ಉಂಟಾಗಬಹುದು. ಹಾಗೇನಾದರೂ ಆದರೆ ಕಣ್ಣುಜ್ಜದೆ, ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಶುದ್ಧ ನೀರು ಹರಿಸಿ ತೊಳೆದು, ಕೂಡಲೇ ವೈದ್ಯರ ಬಳಿಗೆ ಹೋಗಬೇಕು.

ಹಂತ 5: ಹೂವು

ಹೂವಿನ ಬಣ್ಣವನ್ನು ಕೊನೆಗೆ ಬರೆಯಿರಿ. ಮೊದಲು ದಳಗಳ ಸಂಖ್ಯೆ, ಅವು ಬಿಡಿಯಾಗಿವೆಯೋ ಕೂಡಿಕೊಂಡು ನಳಿಕೆಯಾಗಿವೆಯೋ, ಕೇಸರಗಳು ಎಣಿಸುವಷ್ಟೇ ಇವೆಯೋ ಅಸಂಖ್ಯವೋ, ಅಂಡಾಶಯ ದಳಗಳ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಕೈಮಸೂರದಲ್ಲಿ ನೋಡಬೇಕು. ಬಣ್ಣ ಮೋಸ ಮಾಡುತ್ತದೆ: ಹೂವರಸಿಯ ಹೂವು ಬೆಳಿಗ್ಗೆ ಹಳದಿ, ಸಂಜೆಗೆ ಕೆಂಪಾಗಿ ಬಾಡುತ್ತದೆ, ಎರಡನ್ನೂ ಕಂಡವರು ಎರಡು ಮರಗಳೆಂದು ಬರೆಯುತ್ತಾರೆ.

ದ್ವೀಪದ ಕಡಲಂಚಿನಲ್ಲಿ ರಾತ್ರಿ ಅರಳುವ ಹೂಗಳು ಹೆಚ್ಚು. ಬ್ಯಾರಿಂಗ್ಟೋನಿಯಾ, ಗೆಟ್ಟಾರ್ಡಾ, ಉದ್ದ ತುತ್ತೂರಿಯಾಕಾರದ ಬಿಳಿ ಹೂವಿನ ಡಾಲಿಕ್ಯಾಂಡ್ರೋನ್ ಇವೆಲ್ಲ ಕತ್ತಲಾಗುವಾಗ ಅರಳಿ, ಬೆಳಗಾಗುವಷ್ಟರಲ್ಲಿ ಉದುರುತ್ತವೆ. ಹತ್ತು ಗಂಟೆಗೆ ಕಡಲತೀರಕ್ಕೆ ಹೋದವರಿಗೆ ಸಿಗುವುದು ಬಾಡಿದ ಹೂ ಮಾತ್ರ. ಸೂರ್ಯೋದಯಕ್ಕೆ ಮೊದಲೇ ಹೋಗಿ. ಮರದ ಮೇಲೂ ನೆಲದ ಮೇಲೂ ಒಂದೇ ಹೂವಿದೆಯೆಂದು ಖಚಿತಪಡಿಸಿಕೊಂಡು ಚಿತ್ರ ತೆಗೆಯಿರಿ.

ಕೆಲವು ಮರಗಳಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ಕಾಡುಜಾಯಿಕಾಯಿ, ಮುರುಗಲಿನ ಬಳಗ ಮತ್ತು ಮುಂದೆ ಬರುವ ಖಟ್ಟಾ ಫಲ್ ಇಂಥವು. ಹೂ ತುಂಬಿದ ಮರದಲ್ಲಿ ಎಂದೂ ಕಾಯಿ ಕಾಣದಿದ್ದರೆ ಅದು ಬೇರೊಂದು ಪ್ರಭೇದವೆಂದು ಆತುರದಿಂದ ತೀರ್ಮಾನಿಸಬೇಡಿ.

ಹಂತ 6: ಹಣ್ಣನ್ನು ಕೊಯ್ದು ನೋಡಿ, ರುಚಿ ನೋಡಬೇಡಿ

ಪತ್ರಿಕೆಯ ಮೇಲೆ ಹಣ್ಣನ್ನಿಟ್ಟು, ಅಳತೆಪಟ್ಟಿಯೊಂದಿಗೆ ಹೊರಗಿನ ಚಿತ್ರ ತೆಗೆದು, ಅಡ್ಡಲಾಗಿ ಒಂದನ್ನು, ಉದ್ದಕ್ಕೆ ಇನ್ನೊಂದನ್ನು ಕೊಯ್ಯಿರಿ. ಬೀಜ ಎಷ್ಟು, ಗಟ್ಟಿ ಗೊರಟೆ ಇದೆಯೆ, ಸುತ್ತ ಇರುವುದು ನಾರೋ ತಿರುಳೋ, ಬೀಜಕ್ಕೆ ಪತ್ರೆಯಂಥ ಹೊದಿಕೆಯಿದೆಯೆ ಎಂದು ಬರೆಯಿರಿ. ಹೂವಿನ ಪುಷ್ಪಪತ್ರ ಹಣ್ಣಿನ ಯಾವ ತುದಿಯಲ್ಲಿ ಉಳಿದಿದೆಯೆಂಬುದು ಬಹಳ ಮುಖ್ಯ: ನೇರಳೆ, ಪೇರಲೆಗಳಲ್ಲಿ ತೊಟ್ಟಿನ ಎದುರು ತುದಿಯಲ್ಲಿ ಕಿರೀಟವಾಗಿ, ಮುರುಗಲಿನ ಬಳಗದಲ್ಲಿ ತೊಟ್ಟಿನ ಬುಡದಲ್ಲಿ. ರೆಕ್ಕೆಯಿರುವ ಕಾಯಿಗಳು ಸುಲಭ. ಗುರ್ಜನ್‌ಗೆ ಎರಡು ಉದ್ದ ರೆಕ್ಕೆ. ಪಡೌಕಕ್ಕೆ ನಮ್ಮ ಹೊನ್ನೆಯ ಕಾಯಿಯಂತೆ ದುಂಡಗಿನ ಚಪ್ಪಟೆ ರೆಕ್ಕೆಯ ನಡುವೆ ಬೀಜ.

‘ಮೊದಲು ತುಟಿಗೆ ಸವರಿ, ಅರ್ಧ ಗಂಟೆ ಕಾದು, ಚೂರು ನುಂಗಿ’ ಎಂದು ಹೇಳುವ ಪರೀಕ್ಷೆಯೊಂದು ಅಂತರಜಾಲದಲ್ಲಿ ಓಡಾಡುತ್ತಿದೆ. ಅದನ್ನು ಇಲ್ಲಿ ಮಾಡಕೂಡದು. ಸೆರ್ಬೆರಾದ ವಿಷ ತುಟಿಯನ್ನು ಸುಡುವುದಿಲ್ಲ, ಗಂಟೆಗಳ ನಂತರ ಹೃದಯದ ಬಡಿತವನ್ನು ಕೆಡಿಸುತ್ತದೆ. ಹಕ್ಕಿ, ಬಾವಲಿ ತಿಂದದ್ದೆಲ್ಲ ಮನುಷ್ಯರಿಗೆ ಹಿತವೆಂಬುದೂ ಸುಳ್ಳು. ಸ್ಥಳೀಯರು ತಿನ್ನುತ್ತಾರೆಂಬ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳಬೇಕು: ನಿಕೋಬಾರಿಗಳ ಮುಖ್ಯ ಆಹಾರಗಳಲ್ಲೊಂದಾದ ಕೇದಿಗೆ ಜಾತಿಯ ಹಣ್ಣನ್ನು ಅವರು ಬೇಯಿಸಿ, ನಾರು ಬೇರ್ಪಡಿಸಿ ಹಿಟ್ಟು ಮಾಡಿಕೊಳ್ಳುತ್ತಾರೆ, ಹಸಿಯಾಗಿ ಕಚ್ಚುವುದಿಲ್ಲ. ಕಡಲಂಚಿನ ಸೈಕಸ್ ಗಿಡದ ಕಿತ್ತಳೆ ಬಣ್ಣದ ಬೀಜಗಳಲ್ಲಿರುವ ಸೈಕಾಸಿನ್ ಯಕೃತ್ತಿಗೆ ಮಾರಕ.

ಹಂತ 7: ಗೊಂದಲದ ಜೋಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ

ಹೆಸರಿಗೆ ಹೋಗುವ ಮೊದಲು ‘ಇದರಂತೆಯೇ ಕಾಣುವ ಇನ್ನೊಂದು ಯಾವುದು?’ ಎಂದು ಕೇಳಿಕೊಳ್ಳಿ. ಕೆಳಗಿನ ಮೂರು ಜೋಡಿಗಳು ನಮ್ಮವರನ್ನು ಹೆಚ್ಚು ದಾರಿ ತಪ್ಪಿಸಿವೆ.

ಕಾಡುಮಾವು ಮತ್ತು ಸೆರ್ಬೆರಾ. ಅಂಡಮಾನಿನಲ್ಲಿ ಮ್ಯಾಂಜಿಫೆರಾ ಅಂಡಮಾನಿಕಾ ಎಂಬ ಸ್ವಂತ ಕಾಡುಮಾವಿದೆ. ಕೇರಳದಲ್ಲಿ ಒತಳಂ ಎಂದು ಕರೆಯುವ ಸೆರ್ಬೆರಾದ ಹಸಿರು ಕಾಯಿ ಗಾತ್ರದಲ್ಲೂ ಹೊಳಪಿನಲ್ಲೂ ಮಾವಿನ ಮಿಡಿಯನ್ನೇ ಹೋಲುತ್ತದೆ. ಎರಡರಲ್ಲೂ ಎಲೆಗಳು ಕೊಂಬೆಯ ತುದಿಯಲ್ಲಿ ಗುಂಪಾಗಿರುತ್ತವೆ. ತೊಟ್ಟು ಮುರಿದರೆ ಸೆರ್ಬೆರಾದಲ್ಲಿ ಧಾರಾಳವಾಗಿ ಬಿಳಿ ಹಾಲು ಸುರಿಯುತ್ತದೆ. ಮಾವಿನಲ್ಲಿ ತಿಳಿಯಾದ, ಘಾಟು ವಾಸನೆಯ ಸೊನೆ. ಎಲೆ ಹಿಸುಕಿದರೆ ಮಾವಿಗೆ ತನ್ನದೇ ಪರಿಮಳವಿದೆ. ಸೆರ್ಬೆರಾದ ಹೂವು ದೊಡ್ಡದು, ಬಿಳಿ, ಐದು ದಳಗಳು ಒಂದೇ ಕಡೆಗೆ ತಿರುಚಿಕೊಂಡಿದ್ದು, ಗಂಟಲಲ್ಲಿ ಹಳದಿ ಅಥವಾ ಕೆಂಪು ಬಣ್ಣವಿರುತ್ತದೆ. ಮಾವಿನದು ಗೊಂಚಲಿನಲ್ಲಿ ಸಾಸಿವೆಯಷ್ಟು ಹೂವು. ಕಾಯಿಯ ಒಳಗೆ ಸೆರ್ಬೆರಾಗೆ ತೆಂಗಿನ ಸಿಪ್ಪೆಯಂಥ ನಾರಿನ ಕವಚವಿದೆ, ಬೀಜದ ಬಿಳಿ ತಿರುಳು ಗಾಳಿಗೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಈ ತಿರುಳೇ ಅತ್ಯಂತ ವಿಷಕಾರಿ ಭಾಗ.

ಕಾಡುಬಾದಾಮಿ ಮತ್ತು ಬ್ಯಾರಿಂಗ್ಟೋನಿಯಾ ಏಷಿಯಾಟಿಕಾ. ಎರಡೂ ಮರಳದಂಡೆಯವು, ಎರಡಕ್ಕೂ ತುದಿಯತ್ತ ಅಗಲವಾಗುವ ದೊಡ್ಡ ಎಲೆ. ಬಾದಾಮಿಯ ಕೊಂಬೆಗಳು ಅಂತಸ್ತುಗಳಾಗಿ ಚಾಚುತ್ತವೆ, ಎಲೆ ಉದುರುವ ಮೊದಲು ಕೆಂಪಾಗುತ್ತದೆ, ಗಿಡ್ಡ ತೊಟ್ಟು ಸ್ಪಷ್ಟವಾಗಿ ಕಾಣುತ್ತದೆ. ಬ್ಯಾರಿಂಗ್ಟೋನಿಯಾದ ಎಲೆ ಇನ್ನೂ ದೊಡ್ಡದು, ಅದಕ್ಕೆ ತೊಟ್ಟೇ ಇಲ್ಲವೆನ್ನುವಂತಿರುತ್ತದೆ. ಅದರ ಹೂವಿನಲ್ಲಿ ಬುಡ ಬಿಳಿ, ತುದಿ ಗುಲಾಬಿಯಾದ ನೂರಾರು ಉದ್ದ ಕೇಸರಗಳ ಕುಚ್ಚು. ಕಾಯಿ ಸುಮಾರು 10 ಸೆಂಟಿಮೀಟರ್ ಅಗಲದ ನಾಲ್ಕು ಮೂಲೆಯ ಪೆಟ್ಟಿಗೆಯಾಕಾರ. ಬಾದಾಮಿಯ ಒಳಬೀಜವನ್ನು ಜನ ತಿನ್ನುತ್ತಾರೆ. ಬ್ಯಾರಿಂಗ್ಟೋನಿಯಾದ ಬೀಜವನ್ನು ಅರೆದು ಮೀನುಗಳನ್ನು ಮಂಪರುಗೊಳಿಸಿ ಹಿಡಿಯಲು ಅನೇಕ ದ್ವೀಪಗಳಲ್ಲಿ ಬಳಸುತ್ತಿದ್ದರು. ಅಂಡಮಾನಿನಲ್ಲಿ ‘ಬಾದಾಮ್’ ಎಂಬ ಹೆಸರು ಕಾಡುಬಾದಾಮಿ ಸೇರಿರುವ ಟರ್ಮಿನಾಲಿಯಾ ಜಾತಿಯ ಒಂದಕ್ಕಿಂತ ಹೆಚ್ಚು ಮರಗಳಿಗೆ ಸಲ್ಲುವುದರಿಂದ ಹೆಸರನ್ನಷ್ಟೇ ಕೇಳಿ ನಂಬಬಾರದು.

ಖಟ್ಟಾ ಫಲ್ ಮತ್ತು ನಮ್ಮ ಕೋಳಿಕುಕ್ಕೆ. ಇದು ಅಪಾಯದ ಜೋಡಿಯಲ್ಲ, ಹೆಸರಿನ ತಪ್ಪು ಮಾತ್ರ. ಎರಡೂ ಬ್ಯಾಕೌರಿಯಾ ಜಾತಿಯವು, ಎರಡರಲ್ಲೂ ಹಣ್ಣು ಕಾಂಡದ ಮೇಲೆ ಬಿಡುತ್ತದೆ, ಎಲೆಯ ತೊಟ್ಟು ಎರಡೂ ತುದಿಯಲ್ಲಿ ಊದಿಕೊಂಡಿರುತ್ತದೆ. ಪಶ್ಚಿಮ ಘಟ್ಟದ ಕೋಳಿಕುಕ್ಕೆಯ ಹಣ್ಣು ಕಡುಗೆಂಪು. ಅಂಡಮಾನಿನ ಸಂತೆಯಲ್ಲಿ ಸಿಗುವ ಖಟ್ಟಾ ಫಲ್ ಹಳದಿ ಛಾಯೆಯದಾಗಿದ್ದು, ಇಳಿಬಿದ್ದ ಗೊಂಚಲುಗಳಲ್ಲಿರುತ್ತದೆ. ರುಚಿ ನೋಡಬೇಕೆನ್ನುವವರು ಮರದಿಂದ ಕೀಳದೆ, ಸಂತೆಯಲ್ಲಿ ಮಾರುವವರಿಂದ ಕೊಂಡು ನೋಡಬಹುದು.

ಹಂತ 8: ಕುಟುಂಬದಿಂದ ಹೆಸರಿಗೆ, ಹೆಸರಿನಿಂದ ದೃಢೀಕರಣಕ್ಕೆ

ಇಷ್ಟು ಬರೆದ ಮೇಲೆ ಮೊದಲು ಕುಟುಂಬವನ್ನು ಊಹಿಸಿ, ಅನಂತರ ಜಾತಿಯನ್ನು, ಕೊನೆಗೆ ಪ್ರಭೇದವನ್ನು. ಆ್ಯಪ್‌ಗಳನ್ನು ಬಳಸುವುದು ಇಲ್ಲಿ, ಆರಂಭದಲ್ಲಲ್ಲ. ಐನ್ಯಾಚುರಲಿಸ್ಟ್, ಪ್ಲಾಂಟ್‌ನೆಟ್‌ಗಳಿಗೆ ಎಲೆಯ ಎರಡೂ ಬದಿ, ಕೊಂಬೆಯ ತುದಿ, ಹೂವು, ಕೊಯ್ದ ಹಣ್ಣು, ತೊಗಟೆ ಮತ್ತು ಇಡೀ ಮರದ ಚಿತ್ರಗಳನ್ನು ಒಂದೇ ದಾಖಲೆಯಲ್ಲಿ ಸೇರಿಸಿ ಕೊಡಿ. ಆ್ಯಪ್ ಸೂಚಿಸುವ ಮೊದಲ ಹೆಸರು ಹೆಚ್ಚು ಚಿತ್ರಗಳಿರುವ ಪ್ರಭೇದದತ್ತ ವಾಲುತ್ತದೆ. ದ್ವೀಪಕ್ಕೇ ಸೀಮಿತವಾದ ಮರಗಳ ಚಿತ್ರಗಳು ಕಡಿಮೆ ಇರುವುದರಿಂದ ಅವುಗಳ ಜಾಗದಲ್ಲಿ ಮುಖ್ಯನೆಲದ ಸೋದರ ಪ್ರಭೇದದ ಹೆಸರು ಬರುತ್ತದೆ. ಪೈನ್ಮಾವನ್ನು ಹೊಳೆದಾಸವಾಳವೆಂದು ತೋರಿಸುವುದು ಈ ಬಗೆಯ ತಪ್ಪು.

ಸೂಚಿಸಿದ ಹೆಸರು ಅಂಡಮಾನಿನಿಂದ ದಾಖಲಾಗಿದೆಯೆ ಎಂದು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಅಥವಾ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಅಂತರಜಾಲ ಸಸ್ಯಕೋಶದಲ್ಲಿ ನೋಡಿ. ನಿಮ್ಮ ಟಿಪ್ಪಣಿಯ ಒಂದೊಂದು ಲಕ್ಷಣವನ್ನೂ ವಿವರಣೆಗೆ ಹೋಲಿಸಿ. ಹತ್ತರಲ್ಲಿ ಒಂಬತ್ತು ಹೊಂದಿ, ಎಲೆಯ ಜೋಡಣೆಯೊಂದೇ ಹೊಂದದಿದ್ದರೆ ಹೆಸರು ತಪ್ಪು. ಜಾತಿಯವರೆಗೆ ಮಾತ್ರ ತಲುಪಿದರೆ ಅಲ್ಲಿಗೇ ನಿಲ್ಲಿಸಿ, ‘ಮುರುಗಲಿನ ಜಾತಿ, ಪ್ರಭೇದ ತಿಳಿದಿಲ್ಲ’ ಎಂದು ಬರೆದ ದಾಖಲೆಯನ್ನು ಮುಂದೆ ಯಾರಾದರೂ ಪೂರ್ತಿಮಾಡಬಹುದು. ಊಹೆಯ ಹೆಸರು ಮಾತ್ರ ಒಬ್ಬರಿಂದ ಒಬ್ಬರಿಗೆ ಸತ್ಯವೆಂದೇ ಹಬ್ಬುತ್ತದೆ.

ಯಾರಾದರೂ ತಿಂದುಬಿಟ್ಟರೆ

ಮಕ್ಕಳು ಜೊತೆಯಲ್ಲಿದ್ದಾಗ ಇದು ಆಗಬಹುದಾದದ್ದೇ. ಬಾಯಲ್ಲಿ ಉಳಿದದ್ದನ್ನು ಉಗುಳಿಸಿ, ಬಾಯಿ ತೊಳೆಸಿ. ಬಲವಂತದಿಂದ ವಾಂತಿ ಮಾಡಿಸಬೇಡಿ, ಹಾಲು, ಉಪ್ಪುನೀರು, ಮನೆಮದ್ದುಗಳನ್ನು ಕುಡಿಸಬೇಡಿ. ತಿಂದ ಸಮಯವನ್ನೂ ಅಂದಾಜು ಪ್ರಮಾಣವನ್ನೂ ಬರೆದಿಟ್ಟುಕೊಂಡು, ಉಳಿದ ಹಣ್ಣು ಮತ್ತು ಎಲೆಯಿರುವ ಕೊಂಬೆಯೊಂದಿಗೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಥವಾ 112ಕ್ಕೆ ಕರೆ ಮಾಡಿ. ವಾಂತಿ, ತಲೆಸುತ್ತು, ದೃಷ್ಟಿ ಮಂಜಾಗುವುದು, ನಾಡಿ ನಿಧಾನವಾಗುವುದು ಅಥವಾ ತಪ್ಪಿ ಬಡಿಯುವುದು ಇವು ಹೃದಯದ ಮೇಲೆ ವಿಷದ ಪರಿಣಾಮವಾಗಿರುವ ಲಕ್ಷಣಗಳಾಗಿರಬಹುದು. ಲಕ್ಷಣ ಕಾಣಿಸಲೆಂದು ಕಾಯಬಾರದು, ಏಕೆಂದರೆ ಹ್ಯಾವ್ಲಾಕಿನಿಂದ ಪೋರ್ಟ್ ಬ್ಲೇರಿನ ದೊಡ್ಡ ಆಸ್ಪತ್ರೆಗೆ ವೇಗದ ದೋಣಿಯಲ್ಲಿ ಹೋದರೂ ಸುಮಾರು ಒಂದೂವರೆ ಗಂಟೆ ಬೇಕು, ಕತ್ತಲಾದ ಮೇಲೆ ದೋಣಿಗಳು ಸಿಗುವುದೂ ಕಷ್ಟ.